ಲ್ಯಾಪ್‌ಟಾಪ್ ಸ್ಲೀವ್ ಕೊಳ್ಳುವಾಗ ಮೂಲೆ ಮುಟ್ಟಿ ನೋಡಿ: ನಮ್ಮ ಕಲಬುರಗಿಯ ಬಿಸಿಲು, ಧೂಳು, ಫರಸಿಗೆ ತಕ್ಕ ಮಾರ್ಗದರ್ಶಿ

ಕಳೆದ ವರ್ಷ ಅಕ್ಕನ ಮಗಳು ಸೇಡಂನಿಂದ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಳು. ಬಾಗಿಲ ಹತ್ತಿರ ಚಪ್ಪಲಿ ಬಿಚ್ಚುತ್ತ ಬೆನ್ನಿನ ಬ್ಯಾಗ್ ಇಳಿಸಿ ನೆಲಕ್ಕಿಟ್ಟಳು. ಎಸೆಯಲಿಲ್ಲ, ಇಟ್ಟಳು ಅಷ್ಟೆ. ನಮ್ಮ ಮನೆಯ ನೆಲ ಶಹಾಬಾದ್ ಫರಸಿ, ಅಂದರೆ ಕಲ್ಲಿನ ಹಾಸು. ಟಕ್ ಅಂತ ಒಂದು ಸದ್ದು ಬಂತು. ಸಂಜೆ ಲ್ಯಾಪ್‌ಟಾಪ್ ತೆರೆದರೆ ಎಡಗಡೆಯ ಹಿಂಜ್, ಅಂದರೆ ಮುಚ್ಚಳದ ಕೀಲಿನ ಹತ್ತಿರ ಪ್ಲಾಸ್ಟಿಕ್ ಸೀಳಿತ್ತು. ಸ್ಕ್ರೀನಿನ ಮೇಲಿಂದ ಕೆಳಗೆ ಒಂದು ಹಸಿರು ಗೆರೆ. "ಮಾಮಾ, ಕವರಿನಾಗೇ ಇತ್ತಲ್ಲಾ, ಹೆಂಗ ಒಡೀತು?" ಅಂತ ಅಳುಮುಖ ಮಾಡಿಕೊಂಡು ಕೇಳಿದಳು.

ಹೌದು, ಕವರ್ ಇತ್ತು, ಅಂಗಡಿಯವರು ಸ್ಲೀವ್ ಅನ್ನುವ ಮೆತ್ತನೆಯ ಚೀಲ. ಅದೂ ಚೆಂದದ್ದೇ. ನಾನು ಅದನ್ನು ಕೈಯಲ್ಲಿ ಹಿಡಿದು ಅಂಚುದ್ದಕ್ಕೂ ಬೆರಳಾಡಿಸಿದೆ. ಮುಂದೆ, ಹಿಂದೆ ಮೆತ್ತನೆಯ ಫೋಮ್. ಕೆಳಗಿನ ಮೂಲೆಗೆ ಬಂದರೆ ಫೋಮೇ ಇಲ್ಲ! ಎರಡು ಪದರ ಬಟ್ಟೆ, ಒಂದು ಹೊಲಿಗೆ, ಮುಗೀತು. ಬ್ಯಾಗಿನ ಒಳಗಿನ ಲ್ಯಾಪ್‌ಟಾಪ್ ಖಾನೆಯ ತಳಕ್ಕೂ ಬರೀ ಬಟ್ಟೆ. ಅಂದರೆ ಅವಳ ಲ್ಯಾಪ್‌ಟಾಪಿನ ಮೂಲೆಗೂ ಕಲ್ಲಿಗೂ ನಡುವೆ ಇದ್ದದ್ದು ಒಂದೆರಡು ಮಿ.ಮೀ. ಬಟ್ಟೆ ಮಾತ್ರ.

ಲ್ಯಾಪ್‌ಟಾಪ್ ಬಿದ್ದಾಗ ಮಟ್ಟಸವಾಗಿ ಬೀಳುವುದು ಅಪರೂಪ. ಮೂಲೆಯೇ ಮೊದಲು ತಾಗುತ್ತದೆ, ಇಲ್ಲವೇ ಕೆಳಗಿನ ಅಂಚು. ಅಂಗಡಿಯಲ್ಲಿ ನಾವು ನೋಡುವುದು ಮಾತ್ರ ಮುಂಭಾಗದ ಬಣ್ಣ, ಹೊಳಪು, ಲೋಗೋ. ಅವತ್ತಿನಿಂದ ನಾನು ಕಂಡಕಂಡ ಸ್ಲೀವ್‌ಗಳ ಮೂಲೆ ಹಿಸುಕಿ ನೋಡುತ್ತ ಬಂದಿದ್ದೇನೆ. ಹಾಗೆ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಲ್ಯಾಪ್‌ಟಾಪ್ ದಿನಾ ಎಲ್ಲೆಲ್ಲಿ ಓಡಾಡುತ್ತದೆ?

ಮೊದಲು ಇದನ್ನು ಯೋಚಿಸಿ. ಮನೆಯಿಂದ ಆಫೀಸಿಗೆ ಕಾರಿನಲ್ಲಿ, ಅಲ್ಲಿ ಮೇಜಿನ ಮೇಲೆ, ಮತ್ತೆ ಮನೆಗೆ. ಇಷ್ಟೇ ಆದರೆ ಗೀರು ಬೀಳದಂತೆ ಕಾಯುವ ತೆಳು ಸ್ಲೀವ್ ಸಾಕು. ದುಡ್ಡು ಸುರಿಯಬೇಕಿಲ್ಲ.

ಬೈಕಿನಲ್ಲಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಹೋಗುವವರ ಕತೆ ಬೇರೆ. ಅಲ್ಲಿ ಕುಲುಕಾಟ ಜಾಸ್ತಿ, ಧೂಳು ಜಾಸ್ತಿ, ಬಿಸಿಲಂತೂ ನೇರ ಬ್ಯಾಗಿನ ಮೇಲೇ. ಆಳಂದ ರಸ್ತೆಯಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಹೋಗಿಬರುವ ಹುಡುಗರಿಗೆ ನೂಕುನುಗ್ಗಲೇ ದೊಡ್ಡ ಸಮಸ್ಯೆ. ಬ್ಯಾಗಿಗೆ ಪಕ್ಕದವರ ಮೊಣಕೈ ತಾಗುತ್ತದೆ, ಸೀಟಿನ ಕಬ್ಬಿಣದ ರಾಡ್ ಒತ್ತುತ್ತದೆ. ಅವರಿಗೆ ಬೀಳುವುದಕ್ಕಿಂತ ಒತ್ತಡದ ಭಯ ಹೆಚ್ಚು. ಬೆಂಗಳೂರಿಗೆ ರಾತ್ರಿ ರೈಲು ಹತ್ತುವವರದು ಇನ್ನೊಂದು ಬಗೆ. ಕಳ್ಳರ ಭಯಕ್ಕೆ ಬ್ಯಾಗನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಲೆಯ ಭಾರ ರಾತ್ರಿಯಿಡೀ ಸ್ಕ್ರೀನಿನ ಮೇಲೆ ಬಿದ್ದರೆ ಬಿಳಿ ಮಚ್ಚೆಗಳು ಏಳಬಹುದು. ಬ್ಯಾಗನ್ನು ಗೋಡೆಯ ಕಡೆಗೆ ನಿಲ್ಲಿಸಿ, ಅದರ ಪಟ್ಟಿಯನ್ನು ತೋಳಿಗೆ ಸುತ್ತಿಕೊಂಡು ಮಲಗಿ.

ನಿಮ್ಮ ಲ್ಯಾಪ್‌ಟಾಪಿಗೆ ಬೀಳುವ ಭಯವೋ, ಒತ್ತಡದ ಭಯವೋ, ಧೂಳು-ನೀರಿನ ಭಯವೋ ಅಂತ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಳ್ಳಿ. ಬೀಳುವ ಭಯಕ್ಕೆ ದಪ್ಪ ಮೂಲೆ ಬೇಕು. ಒತ್ತಡಕ್ಕೆ ಗಟ್ಟಿ ಮೈ ಬೇಕು. ಎರಡೂ ಒಂದರಲ್ಲೇ ಚೆನ್ನಾಗಿ ಸಿಗುವುದು ಕಡಿಮೆ.

ಹಂತ 2: ಇಂಚು ನಂಬಬೇಡಿ, ಟೇಪ್ ಹಿಡಿಯಿರಿ

ಹೊರಗಿನವರಿಗೆ ಗೊತ್ತಿರಲಿ, ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಅಂದರೆ ಒಂದು ಅಂಗಡಿಯಲ್ಲ, ಇಡೀ ಒಂದು ಪೇಟೆ. ಅಲ್ಲಿನ ಯಾವ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ಎಷ್ಟ್ ಇಂಚಿಂದ್ರಿ?" ನಾವೂ "15.6" ಅಂತ ಹೇಳಿಬಿಡುತ್ತೇವೆ. ತಪ್ಪು ಶುರುವಾಗುವುದು ಅಲ್ಲೇ.

ಆ ಇಂಚು ಲ್ಯಾಪ್‌ಟಾಪಿನ ಮೈಯ ಅಳತೆಯಲ್ಲ. ಸ್ಕ್ರೀನಿನ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದ ಅಳತೆ. ಸ್ಕ್ರೀನಿನ ಸುತ್ತ ಇರುವ ಕಪ್ಪು ಅಂಚು ಅದರಲ್ಲಿ ಸೇರಿಲ್ಲ. ಹಳೆಯ 15.6 ಇಂಚಿನ ಲ್ಯಾಪ್‌ಟಾಪಿಗೆ ಆ ಅಂಚು ಅಗಲ, ಹಾಗಾಗಿ ಮೈ 38 ಸೆಂ.ಮೀ. ಅಗಲವೂ ಇರಬಹುದು. ಹೊಸದರಲ್ಲಿ ಅಂಚು ತೆಳು, 36 ಸೆಂ.ಮೀ. ಸುತ್ತಮುತ್ತ ಇರುತ್ತದೆ. ಎರಡಕ್ಕೂ ಒಂದೇ ಸ್ಲೀವ್ ಕೊಟ್ಟರೆ ಒಂದು ತುರುಕಬೇಕಾಗುತ್ತದೆ, ಇನ್ನೊಂದು ಒಳಗೆ ಅಲ್ಲಾಡುತ್ತದೆ.

ಇನ್ನೂ ಒಂದು ವಿಷಯ ಇದೆ. 14 ಇಂಚಿನ ಸ್ಕ್ರೀನ್ ಈಗ ಎರಡು ಆಕಾರದಲ್ಲಿ ಬರುತ್ತದೆ. 16:9 ಅನುಪಾತದ್ದು ಸುಮಾರು 31 ಸೆಂ.ಮೀ. ಅಗಲ, 17.4 ಸೆಂ.ಮೀ. ಎತ್ತರ. 16:10 ಅನುಪಾತದ್ದು ಸುಮಾರು 30.2 ಸೆಂ.ಮೀ. ಅಗಲ, 18.8 ಸೆಂ.ಮೀ. ಎತ್ತರ. ಇಂಚು ಒಂದೇ, ಆಕಾರ ಬೇರೆ. ಅಗಲದಲ್ಲಿ ಸರಿಹೋದ ಸ್ಲೀವ್ ಎತ್ತರದಲ್ಲಿ ಸಾಲದೆ ಜಿಪ್ ಹಾಕಲು ಬಾರದೆ ಇರುವುದು ಇದರಿಂದಲೇ.

ಆದ್ದರಿಂದ ಹೀಗೆ ಮಾಡಿ. ಲ್ಯಾಪ್‌ಟಾಪ್ ಮುಚ್ಚಿ ಮೇಜಿನ ಮೇಲಿಡಿ. ದರ್ಜಿಯ ಟೇಪಿನಿಂದ ಮೂರು ಅಳತೆ ತೆಗೆಯಿರಿ: ಎಡದಿಂದ ಬಲಕ್ಕೆ ಅಗಲ, ಮುಂದಿನಿಂದ ಹಿಂಜಿನವರೆಗೆ ಉದ್ದ, ಮತ್ತು ದಪ್ಪ. ದಪ್ಪವನ್ನು ಎಲ್ಲಿ ಹೆಚ್ಚಿದೆಯೋ ಅಲ್ಲೇ ಅಳೆಯಿರಿ. ಸಾಮಾನ್ಯವಾಗಿ ಹಿಂಜಿನ ಕಡೆಗೆ, ಕೆಳಗಿನ ರಬ್ಬರ್ ಕಾಲುಗಳನ್ನೂ ಸೇರಿಸಿ. ಗೇಮಿಂಗ್ ಲ್ಯಾಪ್‌ಟಾಪ್ ಆದರೆ ಹಿಂದಿನ ಗಾಳಿಕಿಂಡಿಯ ಭಾಗ ಹೊರಚಾಚಿರುತ್ತದೆ, ಅದನ್ನೂ ಬಿಡಬೇಡಿ. ಮೂರೂ ಅಳತೆಯನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಸ್ಲೀವಿನ ಒಳ ಅಳತೆ ಇದಕ್ಕಿಂತ ಅಗಲದಲ್ಲಿ, ಉದ್ದದಲ್ಲಿ 0.5ರಿಂದ 1 ಸೆಂ.ಮೀ. ಮಾತ್ರ ಹೆಚ್ಚಿರಲಿ. ಅದಕ್ಕಿಂತ ಸಡಿಲವಾದರೆ ಬಿದ್ದಾಗ ಲ್ಯಾಪ್‌ಟಾಪ್ ಒಳಗೇ ಜಾರಿ ಮೂಲೆಗೆ ಹೋಗಿ ಗುದ್ದುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಅಲ್ಲಿ ಬರೆದಿರುವುದು ಒಳ ಅಳತೆಯೋ ಹೊರ ಅಳತೆಯೋ ನೋಡಿ. ಎಷ್ಟೋ ಕಡೆ ಹೊರ ಅಳತೆಯನ್ನೇ ಕೊಟ್ಟಿರುತ್ತಾರೆ. ಆಗ ಎರಡೂ ಬದಿಯ ಫೋಮ್, ಹೊಲಿಗೆ ಸೇರಿ 1.5ರಿಂದ 2 ಸೆಂ.ಮೀ. ಕಳೆದು ಲೆಕ್ಕ ಹಾಕಿ.

ಹಂತ 3: ಮೂಲೆ ಮತ್ತು ತಳ

ನನ್ನ ಮಟ್ಟಿಗೆ ಇಡೀ ಕೆಲಸ ಇದೇ. ಉಳಿದದ್ದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ.

ಫೋಮ್ ಏನು ಮಾಡುತ್ತದೆ ಅಂತ ಒಂದು ಸಣ್ಣ ಲೆಕ್ಕ ನೋಡಿ. ಮೇಜಿನ ಎತ್ತರ ಸುಮಾರು 75 ಸೆಂ.ಮೀ. ಅಲ್ಲಿಂದ ಬಿದ್ದ ಲ್ಯಾಪ್‌ಟಾಪ್ ನೆಲ ಮುಟ್ಟಿದ ಮೇಲೆ 5 ಮಿ.ಮೀ. ಒಳಗೆ ನಿಂತಿತು ಅಂದುಕೊಳ್ಳಿ. 75 ಸೆಂ.ಮೀ. ಅನ್ನು 0.5 ಸೆಂ.ಮೀ.ಯಿಂದ ಭಾಗಿಸಿದರೆ 150. ಅಂದರೆ ತನ್ನ ತೂಕದ ಸುಮಾರು 150 ಪಟ್ಟು ಹೊಡೆತ ಅದಕ್ಕೆ ಬೀಳುತ್ತದೆ. 1.8 ಕೆ.ಜಿ. ಲ್ಯಾಪ್‌ಟಾಪಿಗೆ ಅದು 270 ಕೆ.ಜಿ. ಭಾರ ಬಿದ್ದ ಹಾಗೆ. ನಿಲ್ಲುವುದಕ್ಕೆ 10 ಮಿ.ಮೀ. ಸಿಕ್ಕರೆ ಹೊಡೆತ ಅರ್ಧಕ್ಕಿಳಿಯುತ್ತದೆ. ಬರೀ ಬಟ್ಟೆ ಇದ್ದು 1 ಮಿ.ಮೀ.ಯಲ್ಲೇ ನಿಂತರೆ ಅದೇ ಹೊಡೆತ 750 ಪಟ್ಟು. ಮರದ ಹಲಗೆಯ ನೆಲವೋ ಜಮಖಾನೆಯೋ ಆದರೆ ಅದೂ ತುಸು ತಗ್ಗಿ ಸಹಾಯ ಮಾಡುತ್ತದೆ. ಫರಸಿ ಒಂದು ಕೂದಲೆಳೆಯಷ್ಟೂ ತಗ್ಗುವುದಿಲ್ಲ. ಶಹಾಬಾದ್ ಕಲ್ಲು ಹಾಸಿದ ಮನೆ, ಕಾಲೇಜು, ಬಸ್ ನಿಲ್ದಾಣಗಳಲ್ಲಿ ಓಡಾಡುವ ನಮಗೆ ಆ ಕೆಲವು ಮಿ.ಮೀ. ಫೋಮೇ ಆಸರೆ.

ಈಗ ಪರೀಕ್ಷೆ. ಅಂಗಡಿಯಲ್ಲಿ ಸ್ಲೀವ್ ತೆಗೆದುಕೊಂಡು ಕೈ ಒಳಗೆ ಹಾಕಿ. ಮುಷ್ಟಿ ಹಿಡಿದು, ನಡುಬೆರಳಿನ ಗೆಣ್ಣನ್ನು ಕೆಳಗಿನ ಮೂಲೆಗೆ ಸರಿಯಾಗಿ ತಾಗಿಸಿ. ಹಾಗೇ ಮೇಜಿನ ಅಂಚಿಗೆ ಮೆತ್ತಗೆ ಗುದ್ದಿ. ಗೆಣ್ಣಿಗೆ ಮೇಜಿನ ಗಟ್ಟಿತನ ಚುರುಕ್ ಅಂತ ತಿಳಿದರೆ ಆ ಸ್ಲೀವ್ ಬೇಡ. ದಿಂಬಿಗೆ ಗುದ್ದಿದ ಹಾಗೆ ಅನ್ನಿಸಿದರೆ ಮುಂದಿನ ಪರೀಕ್ಷೆಗೆ ಹೋಗಿ. ನಾಲ್ಕೂ ಮೂಲೆಗೂ ಇದನ್ನೇ ಮಾಡಿ. ಜಿಪ್ ಕೊನೆಯಾಗುವ ಮೂಲೆ ಬಹಳ ಸಲ ಬರಿದಾಗಿರುತ್ತದೆ.

ಆಮೇಲೆ ಹೆಬ್ಬೆರಳು, ತೋರುಬೆರಳಿನಿಂದ ಅಂಚನ್ನು ಚಿವುಟಿ. ಎರಡು ಬೆರಳು ಒಂದಕ್ಕೊಂದು ಬೇಗ ಸಿಕ್ಕಿಬಿಟ್ಟರೆ ಫೋಮ್ ತೀರಾ ಪೊಳ್ಳು. ಮೆತ್ತಗಿದ್ದಷ್ಟೂ ಒಳ್ಳೆಯದು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಹಾಗಲ್ಲ. ತೀರಾ ಮೆತ್ತನೆಯ ಸ್ಪಂಜು ಹೊಡೆತ ಬಿದ್ದ ಕೂಡಲೇ ಪೂರ್ತಿ ಚಪ್ಪಟೆಯಾಗಿ ಸೋಲುತ್ತದೆ. ಒತ್ತಿದರೆ ನಿಧಾನವಾಗಿ ತಗ್ಗಬೇಕು, ಬಿಟ್ಟರೆ ಮತ್ತೆ ಏಳಬೇಕು. ಹದವಾಗಿ ನಾದಿದ ಹಿಟ್ಟನ್ನು ಒತ್ತಿದ ಹಾಗೆ.

ಬ್ಯಾಗನ್ನೂ ನೋಡಿ. ಎಲ್ಲ ಖಾಲಿ ಮಾಡಿ, ಲ್ಯಾಪ್‌ಟಾಪ್ ಖಾನೆಯೊಳಗೆ ಒಂದು ದಪ್ಪ ರಟ್ಟಿನ ಪುಸ್ತಕ ಇಡಿ. ಮೇಲಿನ ಹಿಡಿಕೆ ಹಿಡಿದು ಬ್ಯಾಗನ್ನು ನೆಲಕ್ಕೆ ಇಳಿಸಿ. ಬ್ಯಾಗಿನ ತಳ ಮುಟ್ಟಿದ ಕೂಡಲೇ ಪುಸ್ತಕವೂ ಟಕ್ ಅಂದರೆ ಖಾನೆ ನೆಲದವರೆಗೂ ಇಳಿದಿದೆ ಅಂತ ಅರ್ಥ. ಒಳ್ಳೆಯ ಬ್ಯಾಗುಗಳಲ್ಲಿ ಖಾನೆಯ ತಳ ಬ್ಯಾಗಿನ ತಳಕ್ಕಿಂತ ಎರಡು ಬೆರಳಷ್ಟು ಮೇಲೆ ತೂಗಾಡುತ್ತದೆ. ನಿಮ್ಮದರಲ್ಲಿ ಹಾಗಿಲ್ಲದಿದ್ದರೆ ಹೊಸ ಬ್ಯಾಗ್ ಕೊಳ್ಳಬೇಕಿಲ್ಲ. ಹಳೆಯ ಯೋಗ ಮ್ಯಾಟಿನ ಒಂದು ಪಟ್ಟಿ ಕತ್ತರಿಸಿ, ಎರಡು ಮಡಿಕೆ ಮಾಡಿ ಖಾನೆಯ ತಳಕ್ಕೆ ಹಾಕಿ. ಖರ್ಚಿಲ್ಲ. ನನ್ನ ಬ್ಯಾಗಿನಲ್ಲಿ ಈಗಲೂ ಅದೇ ಇದೆ.

ಹಂತ 4: ಯಾವುದರಿಂದ ಮಾಡಿದ್ದು?

ನಿಯೋಪ್ರೀನ್ ಎಲ್ಲರಿಗೂ ಗೊತ್ತಿರುವ ಆ ರಬ್ಬರಿನಂಥ ಬಟ್ಟೆ. ಅಮೆರಿಕದ ಡ್ಯುಪಾಂಟ್ ಕಂಪನಿ 1930ರ ದಶಕದಲ್ಲಿ ಮಾರುಕಟ್ಟೆಗೆ ತಂದ ಕೃತಕ ರಬ್ಬರು ಇದು. ಸಮುದ್ರದಲ್ಲಿ ಮುಳುಗುವವರು ಹಾಕುವ ಸೂಟು ಇದರದ್ದೇ. ಒಳಗೆ ಸಣ್ಣ ಸಣ್ಣ ಮುಚ್ಚಿದ ಗಾಳಿಗುಳ್ಳೆಗಳಿರುವುದರಿಂದ ನೀರು ಬಟ್ಟೆಯೊಳಗಿಂದ ಬೇಗ ಇಳಿಯುವುದಿಲ್ಲ. ಹಿಗ್ಗುತ್ತದೆ, ಹಾಗಾಗಿ ಲ್ಯಾಪ್‌ಟಾಪಿಗೆ ಅಂಟಿಕೊಂಡ ಹಾಗೆ ಕೂರುತ್ತದೆ. ತೊಂದರೆ ಏನೆಂದರೆ ಪೇಟೆಯಲ್ಲಿ ಸಿಗುವ ಅಗ್ಗದವು ಬಹಳ ತೆಳು. ಗೀರಿನಿಂದ ಕಾಯುತ್ತವೆ, ಬಿದ್ದರೆ ಕಾಯುವುದಿಲ್ಲ. ಜೊತೆಗೆ ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಫೆಲ್ಟ್, ಅಂದರೆ ಎಳೆಗಳನ್ನು ಒತ್ತಿ ಮಾಡಿದ ಕಂಬಳಿಯಂಥ ಬಟ್ಟೆ, ನೋಡಲು ತುಂಬ ಚೆಂದ. ಆದರೆ ನಮ್ಮ ಊರಿನ ಎರೆಮಣ್ಣಿನ ಧೂಳು ಅದರ ಎಳೆಗಳಲ್ಲಿ ಸೇರಿಕೊಂಡರೆ ಬಿಡುವುದಿಲ್ಲ, ಮಳೆ ನೀರನ್ನೂ ಹೀರುತ್ತದೆ. ಮನೆಯೊಳಗೆ ಮಾತ್ರ ಬಳಸುವವರು ಕೊಳ್ಳಲಿ.

ಇವಿಎ ಅನ್ನುವುದು ಅಚ್ಚಿನಲ್ಲಿ ಒತ್ತಿ ಮಾಡಿದ ಗಟ್ಟಿ ಕೇಸು. ಚಪ್ಪಲಿಯ ಅಟ್ಟೆಗೆ ಬಳಸುವ ಜಾತಿಯದೇ ವಸ್ತು. ಬಸ್ಸಿನ ನೂಕುನುಗ್ಗಲಿಗೆ, ಟಿಫಿನ್ ಡಬ್ಬಿಯ ಒತ್ತಡಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಬ್ಯಾಗಿನಲ್ಲಿ ಜಾಗ ಜಾಸ್ತಿ ತಿನ್ನುತ್ತದೆ, ಅಷ್ಟೇ. ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಪಿಯು ಲೆದರ್, ಅಂದರೆ ಚರ್ಮದಂತೆ ಕಾಣುವ ಪ್ಲಾಸ್ಟಿಕ್ ಲೇಪದ ಬಟ್ಟೆ. ಮೊದಲ ವರ್ಷ ಹೊಳೆಯುತ್ತದೆ. ಬಿಸಿಲು, ಬೆವರು, ತೇವ ತಾಗಿ ತಾಗಿ ಆಮೇಲೆ ಹೊಪ್ಪಳೆ ಏಳುತ್ತದೆ. ನಮ್ಮಲ್ಲಿ ಸ್ವಲ್ಪ ಬೇಗನೇ ಏಳುತ್ತದೆ.

ನನಗೆ ಇಷ್ಟವಾದದ್ದು ಹೊರಗೆ ಒತ್ತಾಗಿ ನೇಯ್ದ ನೈಲಾನ್ ಅಥವಾ ಪಾಲಿಯೆಸ್ಟರ್, ನಡುವೆ ಫೋಮ್, ಒಳಗೆ ನುಣುಪಾದ ಅಸ್ತರ್ ಇರುವಂಥದ್ದು. ಧೂಳು ಕೊಡವಿದರೆ ಹೋಗುತ್ತದೆ, ತೊಳೆಯಲೂ ಸುಲಭ.

ಲ್ಯಾಪ್‌ಟಾಪಿನ ಮೈಗೇ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಶೆಲ್ ಬಗ್ಗೆ ತುಂಬ ಜನ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಶೆಲ್ಲಿಗೂ ಲ್ಯಾಪ್‌ಟಾಪಿಗೂ ನಡುವೆ ಧೂಳು ಸೇರಿ ಉಪ್ಪುಕಾಗದದಂತೆ ಉಜ್ಜುತ್ತದೆ. ಮುಚ್ಚಳದ ಭಾರ ಹೆಚ್ಚಾಗಿ ಹಿಂಜಿಗೆ ಶ್ರಮ. ಶಾಖ ಹೊರಹೋಗುವುದಕ್ಕೂ ಅಡ್ಡಿ.

ಇನ್ನೊಂದು ಮಾತು. ಕೆಲವರು ಸ್ಲೀವಿನ ಜೊತೆ ಸಿಲಿಕೋನ್ ಕೀಬೋರ್ಡ್ ಹೊದಿಕೆಯನ್ನು ಪುಕ್ಕಟೆ ಕೊಡುತ್ತಾರೆ. ಅದನ್ನು ಹಾಕಿಯೇ ಮುಚ್ಚಿ ಬ್ಯಾಗಿಗೆ ತುರುಕಬೇಡಿ. ಕೀಬೋರ್ಡಿಗೂ ಸ್ಕ್ರೀನಿಗೂ ನಡುವೆ ಇರುವ ಜಾಗ ಬಹಳ ಕಡಿಮೆ. 2020ರಲ್ಲಿ ಆ್ಯಪಲ್ ಕಂಪನಿ ತನ್ನ ಗ್ರಾಹಕರಿಗೆ, ಕ್ಯಾಮೆರಾ ಮುಚ್ಚುವ ಸ್ಟಿಕರ್ ಕೂಡ 0.1 ಮಿ.ಮೀ.ಗಿಂತ ದಪ್ಪ ಇರಬಾರದು, ಇದ್ದರೆ ತೆಗೆದು ಮುಚ್ಚಿ ಅಂತ ಎಚ್ಚರಿಕೆ ಹೇಳಿತ್ತು. 0.1 ಮಿ.ಮೀ. ಅಂದರೆ ಒಂದು ಹಾಳೆ ಕಾಗದದ ದಪ್ಪ.

ಹಂತ 5: ಜಿಪ್

ಜಿಪ್ ಕೆಟ್ಟರೆ ಸ್ಲೀವ್ ಕೆಟ್ಟ ಹಾಗೆ. ಅಂಗಡಿಯಲ್ಲೇ ಹತ್ತು ಸಲ ತೆರೆದು ಮುಚ್ಚಿ. ಮೂಲೆ ತಿರುಗುವಲ್ಲಿ ಸಿಕ್ಕಿಕೊಂಡರೆ ಬಿಟ್ಟುಬಿಡಿ. ಒಳಬದಿಯಲ್ಲಿ ಜಿಪ್ಪಿನುದ್ದಕ್ಕೂ ಒಂದು ಬಟ್ಟೆಯ ಪಟ್ಟಿ ಇರಬೇಕು. ಅದಿಲ್ಲದಿದ್ದರೆ ಲ್ಯಾಪ್‌ಟಾಪ್ ಎಳೆದಾಗಲೆಲ್ಲ ಜಿಪ್ಪಿನ ಹಲ್ಲು ಅಂಚನ್ನು ಕೆರೆಯುತ್ತದೆ. ಮೂರೂ ಬದಿ ತೆರೆಯುವ ಜಿಪ್ ಇದ್ದರೆ ಹಾಕಿ ತೆಗೆಯುವುದು ಸುಲಭ, ಆದರೆ ಮೇಲಿನ ಎರಡು ಮೂಲೆ ತೆಳುವಾಗುತ್ತವೆ. ಮೇಲೆ ಮಾತ್ರ ತೆರೆಯುವುದೇ ಗಟ್ಟಿ. ಜಿಪ್ಪಿಗೆ ಧೂಳು ತುಂಬಿ ಬಿಗಿಯಾದರೆ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಆಮೇಲೆ ಮೇಣದಬತ್ತಿ ತಿಕ್ಕಿ. ಎಣ್ಣೆ ಹಾಕಬೇಡಿ, ಧೂಳು ಇನ್ನೂ ಜಾಸ್ತಿ ಹಿಡಿಯುತ್ತದೆ.

ಹಂತ 6: ನಮ್ಮ ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸತೇನಲ್ಲ. ಆ ಎರಡು ತಿಂಗಳು ನಮ್ಮ ಭಾಗದ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಿಸುತ್ತಾರೆ. ಮನುಷ್ಯರಿಗೆ ಅದು ಅನುಕೂಲ. ಆದರೆ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೈಕ್ ಹತ್ತುವುದು ಸರಿಯಾಗಿ ಸುಡುಬಿಸಿಲಿನಲ್ಲೇ ಆಗುತ್ತದೆ.

ಆ್ಯಪಲ್ ತನ್ನ ಮ್ಯಾಕ್‌ಬುಕ್‌ಗಳಿಗೆ ಕೊಡುವ ಮಿತಿ ನೋಡಿ: ಬಳಸುವಾಗ 10ರಿಂದ 35 ಡಿಗ್ರಿ, ಸುಮ್ನೆ ಇಡುವಾಗ ಹೆಚ್ಚೆಂದರೆ 45 ಡಿಗ್ರಿ. ಬಿಸಿಲಲ್ಲಿ ನಿಂತ ಕಾರಿನೊಳಗೆ 45 ದಾಟಲು ಎಷ್ಟು ಹೊತ್ತು ಬೇಕು ಹೇಳಿ? ಲಿಥಿಯಂ ಬ್ಯಾಟರಿಗೆ ಶಾಖವೇ ದೊಡ್ಡ ಶತ್ರು. ಒಂದೇ ದಿನದಲ್ಲಿ ಕೆಡದೆ ಇರಬಹುದು, ಆದರೆ ಪ್ರತಿ ಬೇಸಿಗೆಯೂ ಅದರ ಆಯಸ್ಸು ಸವೆಯುತ್ತದೆ. ಬ್ಯಾಟರಿ ಉಬ್ಬಿದರೆ ಟಚ್‌ಪ್ಯಾಡ್ ಮೇಲೆದ್ದು ಕಾಣುತ್ತದೆ. ಹಾಗೆ ಕಂಡರೆ ಚಾರ್ಜಿಗೆ ಹಾಕದೆ ಕೂಡಲೇ ರಿಪೇರಿಯವರಿಗೆ ತೋರಿಸಿ.

ಕಪ್ಪು ಸ್ಲೀವ್ ಬಿಸಿಲನ್ನು ಹೆಚ್ಚು ಹೀರುತ್ತದೆ ಅನ್ನುವುದು ನಿಜ. ಆದರೆ ಸ್ಲೀವ್ ಬ್ಯಾಗಿನೊಳಗೆ ಇರುವಾಗ ಬ್ಯಾಗಿನ ಬಣ್ಣವೇ ಲೆಕ್ಕಕ್ಕೆ ಬರುವುದು. ತಿಳಿ ಬಣ್ಣದ ಬ್ಯಾಗ್ ಒಳ್ಳೆಯದು. ಬೈಕಿನ ಟ್ಯಾಂಕ್ ಮೇಲೆ ಬ್ಯಾಗ್ ಇಡಬೇಡಿ. ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಯಲ್ಲಂತೂ ಬೇಡವೇ ಬೇಡ, ಎಂಜಿನ್ ಶಾಖ ನೇರ ಅಲ್ಲಿಗೇ ಏರುತ್ತದೆ.

ಸ್ಲೀವಿನೊಳಗೆ ಹಾಕುವ ಮುಂಚೆ ಪೂರ್ತಿ ಶಟ್‌ಡೌನ್ ಮಾಡಿ. ಬರೀ ಮುಚ್ಚಳ ಮುಚ್ಚಿದರೆ ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳು ಅರ್ಧ ಎಚ್ಚರದಲ್ಲೇ ಇರುತ್ತವೆ. ಅಪ್‌ಡೇಟ್ ಇಳಿಸಿಕೊಳ್ಳುತ್ತ ಒಳಗೇ ಬಿಸಿಯಾಗುತ್ತವೆ, ಗಾಳಿ ಹೋಗಲು ದಾರಿ ಇಲ್ಲ. ಒಮ್ಮೆ ಚಿತ್ತಾಪುರದಿಂದ ಬಂದು ಸ್ಲೀವ್ ತೆರೆದಾಗ ನನ್ನದು ಆಗತಾನೇ ಇಸ್ತ್ರಿ ಮಾಡಿದ ಅಂಗಿಯಷ್ಟು ಬಿಸಿಯಾಗಿತ್ತು. ಬ್ಯಾಟರಿ 90ರಿಂದ 30ಕ್ಕೆ ಇಳಿದಿತ್ತು. ಅವತ್ತಿನಿಂದ ಮುಚ್ಚುವ ಮುಂಚೆ ಫ್ಯಾನ್ ಸದ್ದು ನಿಂತಿತೇ ಅಂತ ಕಿವಿಗೊಟ್ಟು ಕೇಳುತ್ತೇನೆ.

ಧೂಳು, ಮಳೆ

ಎರೆಮಣ್ಣಿನ ಧೂಳು ಬಹಳ ನಯ. ಸೇಡಂ, ವಾಡಿ ಕಡೆ ಓಡಾಡುವವರಿಗೆ ಸಿಮೆಂಟ್ ಧೂಳೂ ಸೇರುತ್ತದೆ. ಸ್ಲೀವ್ ಒಳಗೆ ಸೇರಿದ ಧೂಳು ಲ್ಯಾಪ್‌ಟಾಪನ್ನು ಹಾಕಿ ತೆಗೆಯುವಾಗಲೆಲ್ಲ ಉಜ್ಜುತ್ತದೆ. ವಾರಕ್ಕೊಮ್ಮೆ ಸ್ಲೀವನ್ನು ಒಳಗೆ ಹೊರಗೆ ಮಾಡಿ, ಚಾದರ ಕೊಡವಿದಂತೆ ಅಂಗಳದಲ್ಲಿ ಕೊಡವಿ. ಒಳಗಿಡುವ ಮುಂಚೆ ಲ್ಯಾಪ್‌ಟಾಪಿನ ಕೆಳಭಾಗವನ್ನೂ ಒಣಬಟ್ಟೆಯಲ್ಲಿ ಒರೆಸಿ. ಮೇಜಿನ ಮೇಲಿದ್ದದ್ದಲ್ವಾ, ಧೂಳು ಅಲ್ಲೇ ಅಂಟಿರುತ್ತದೆ.

"ವಾಟರ್‌ಪ್ರೂಫ್" ಅಂತ ಬರೆದದ್ದನ್ನು ಹಾಗೇ ನಂಬಬೇಡಿ. ಬಟ್ಟೆ ನೀರು ತಡೆದರೂ ಹೊಲಿಗೆಯ ತೂತು, ಜಿಪ್ಪಿನ ಹಲ್ಲು ತಡೆಯುವುದಿಲ್ಲ. ಕೊಂಡ ಮೇಲೆ ಮನೆಯಲ್ಲಿ ಒಮ್ಮೆ ನೋಡಿ: ಲ್ಯಾಪ್‌ಟಾಪ್ ಬದಲು ನಾಲ್ಕು ಮಡಿಕೆಯ ದಿನಪತ್ರಿಕೆ ಒಳಗಿಟ್ಟು ಜಿಪ್ ಹಾಕಿ, ಎರಡು ನಿಮಿಷ ಮೇಲಿಂದ ನೀರು ಚಿಮುಕಿಸಿ. ಪತ್ರಿಕೆ ಎಲ್ಲಿ ಒದ್ದೆಯಾಯಿತು ಅನ್ನುವುದರಿಂದ ನಿಮ್ಮ ಸ್ಲೀವಿನ ಮಿತಿ ತಿಳಿಯುತ್ತದೆ. ಮಳೆಗಾಲಕ್ಕೆ ಬ್ಯಾಗಿನ ಹೊರಖಾನೆಯಲ್ಲಿ ಒಂದು ದಪ್ಪ ಪಾಲಿಥಿನ್ ಕವರ್ ಮಡಚಿಡಿ. ಮಳೆ ಬಂದಾಗ ಸ್ಲೀವ್ ಸಮೇತ ಅದರೊಳಗೆ ಹಾಕಿ. ಮನೆ ಮುಟ್ಟಿದ ಕೂಡಲೇ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ.

ಹಂತ 7: ಅಂಗಡಿಯಲ್ಲಿ

ಹೊರಗಿನವರಿಗೆ ಗೊತ್ತಿರಲಿ, ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಅಂದರೆ ಒಂದು ಅಂಗಡಿಯಲ್ಲ, ಇಡೀ ಒಂದು ಪೇಟೆ. ಸೂಪರ್ ಮಾರ್ಕೆಟ್ಟಿಗೆ ಹೋಗುವಾಗ ಲ್ಯಾಪ್‌ಟಾಪ್ ಜೊತೆಗಿರಲಿ.

"ಎಷ್ಟ್ ಇಂಚಿಂದ್ರಿ?"

"ಇಂಚ್ ಬ್ಯಾಡ್ರಿ ಅಣ್ಣಾ, ಒಳಗ ಹಾಕಿ ನೋಡ್ತೀನ್ರಿ."

"ನೋಡ್ರಿ, ನೋಡ್ರಿ. ಇದು ಭಾಳ ಗಟ್ಟಿ ಅದರಿ."

ಒಳಗೆ ಹಾಕಿ, ಜಿಪ್ ಎಳೆದು, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಜಾರಿದ ಹಾಗೆ ಅನ್ನಿಸಬಾರದು. ಜಿಪ್ ಹಾಕುವಾಗ ಲ್ಯಾಪ್‌ಟಾಪಿನ ಅಂಚನ್ನು ಒತ್ತಿ ಹಿಡಿಯಬೇಕಾಗಿ ಬಂದರೆ ಅದು ಬಿಗಿ. ಫೋಮ್ ವಾಸನೆಯನ್ನೂ ನೋಡಿ. ಸೀಮೆಎಣ್ಣೆಯಂಥ ಘಾಟು ಇದ್ದರೆ ಬೇಡ. ನಾನು ನೋಡಿದ ಮಟ್ಟಿಗೆ ದಿನದ ಬಳಕೆಗೆ ಸಾಲುವಂಥದ್ದು 500ರಿಂದ 1,200 ರೂಪಾಯಿ ಒಳಗೆ ಸಿಗುತ್ತದೆ. ಅದಕ್ಕಿಂತ ಮೇಲಿನದ್ದರಲ್ಲಿ ಬಹಳ ಸಲ ಹೆಸರಿಗೇ ದುಡ್ಡು. 200 ರೂಪಾಯಿಯದು ಧೂಳಿಗೆ ಮಾತ್ರ.

ಚಾರ್ಜರ್ ಇಡಲು ಹೊರಖಾನೆ ಇರುವ ಸ್ಲೀವ್ ಕೊಳ್ಳಬೇಡಿ, ಕೊಂಡರೂ ಅಲ್ಲಿ ಚಾರ್ಜರ್ ಇಡಬೇಡಿ. ಆ ಇಟ್ಟಿಗೆಯಂಥ ಅಡಾಪ್ಟರ್ ಬ್ಯಾಗಿನೊಳಗೆ ಸ್ಕ್ರೀನಿನ ಬೆನ್ನನ್ನೇ ಒತ್ತುತ್ತದೆ. ಅದಕ್ಕೆ ಬೇರೆ ಸಣ್ಣ ಚೀಲ ಇರಲಿ. ಬ್ಯಾಗಿನಲ್ಲಿಡುವಾಗ ಲ್ಯಾಪ್‌ಟಾಪಿನ ಮುಚ್ಚಳದ ಬದಿ ನಿಮ್ಮ ಬೆನ್ನಿನ ಕಡೆಗಿರಲಿ. ಟಿಫಿನ್ ಡಬ್ಬಿ, ಸ್ಟೀಲ್ ಬಾಟಲಿ ಇನ್ನೊಂದು ಕಡೆ, ಅಂದರೆ ಲ್ಯಾಪ್‌ಟಾಪಿನ ಕೆಳಭಾಗದ ಬದಿಗೆ ಇರಲಿ.

ಹಂತ 8: ಮನೆಯಲ್ಲೇ ಹೊಲಿದುಕೊಳ್ಳುವುದಾದರೆ

ಅಕ್ಕನ ಮಗಳಿಗೆ ಹೊಸ ಸ್ಲೀವ್ ಕೊಡಿಸೋಣ ಅಂತ ಹೊರಟಾಗ ಅವ್ವ ತಡೆದಳು. "ಕೌದಿ ಹೊಲಿಯೋ ಕೈ ಇವು. ಇದೇನು ದೊಡ್ಡದು?" ಅಂದಳು. ಹಳೆಯ ಧೋತರ, ಇಳಕಲ್ ಸೀರೆಯ ತುಂಡು, ದಪ್ಪ ದಾರ ಹಿಡಿದು ಕೂತೇಬಿಟ್ಟಳು.

ಮೊದಲ ಸಲ ಹೊಲಿದದ್ದು ನೋಡಲು ಬಹಳ ಸೊಗಸಾಗಿತ್ತು. ಗೆಣ್ಣಿನ ಪರೀಕ್ಷೆ ಮಾಡಿದರೆ ಸೋತಿತು. ಹತ್ತಿ ಬಟ್ಟೆ ಎಷ್ಟು ಪದರ ಇದ್ದರೂ ಒತ್ತಿದರೆ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಎರಡನೇ ಸಲ ನಡುವೆ 6 ಮಿ.ಮೀ. ಯೋಗ ಮ್ಯಾಟ್ ಹಾಕಿದೆವು. ಮೈ ಚೆನ್ನಾಗಾಯಿತು. ಆದರೆ ಪಕ್ಕದ ಹೊಲಿಗೆ ಬರುವಲ್ಲಿ ಮ್ಯಾಟ್ ಇಲ್ಲದೆ ಮೂಲೆ ಮತ್ತೆ ಬರಿದು! ಅಂಗಡಿಯ ಸ್ಲೀವ್‌ಗಳು ಎಡವುವುದೂ ಇಲ್ಲೇ ಅಂತ ಆಗ ಕೈಯಾರೆ ತಿಳಿಯಿತು. ಮೂರನೇ ಸಲ ಗೆದ್ದೆವು. ಅದರ ಲೆಕ್ಕ ಇದು.

ಲ್ಯಾಪ್‌ಟಾಪ್ 36 ಸೆಂ.ಮೀ. ಅಗಲ, 24 ಉದ್ದ, 2 ದಪ್ಪ ಅಂದುಕೊಳ್ಳಿ. ಬಟ್ಟೆಯ ಅಗಲಕ್ಕೆ 36ರ ಜೊತೆ ದಪ್ಪಕ್ಕೆ 2, ಸಡಿಲಕ್ಕೆ 1, ಮ್ಯಾಟಿಗೆ 1, ಎರಡೂ ಬದಿ ಹೊಲಿಗೆಗೆ 3 ಸೇರಿಸಿ, ಒಟ್ಟು 43. ಉದ್ದಕ್ಕೆ ಹಿಂದೆ ಮುಂದೆ ತಲಾ 25, ತಳದ ತಿರುವಿಗೆ 2, ಮೇಲೆ ಮಡಚುವ ಮುಚ್ಚಳಕ್ಕೆ 12, ಅಂಚು ಮಡಿಸಲು 3, ಒಟ್ಟು 67. ಇಂಥ ಎರಡು ತುಂಡು, ಹೊರಗಿಗೊಂದು, ಒಳಗಿಗೊಂದು. ಮ್ಯಾಟ್ 40 ಅಗಲ, 52 ಉದ್ದ. ಮುಚ್ಚಳಕ್ಕೆ ಮ್ಯಾಟ್ ಬೇಡ, ಮಡಚಲು ಬರುವುದಿಲ್ಲ.

ಮ್ಯಾಟನ್ನು ಎರಡು ಬಟ್ಟೆಯ ನಡುವೆ ಇಟ್ಟು ಕೌದಿಯಂತೆ ಸಾಲು ಹೊಲಿಗೆ ಹಾಕಿ, ಮ್ಯಾಟ್ ಜರುಗದಂತೆ. ಸಾಲಿನ ನಡುವೆ ನಾಲ್ಕು ಬೆರಳು ಅಂತರ ಸಾಕು, ತೀರಾ ಹತ್ತಿರ ಹಾಕಿದರೆ ಮ್ಯಾಟ್ ಅಮುಕಿಹೋಗುತ್ತದೆ. ತಳದ ತಿರುವಿಗೆ 6 ಸೆಂ.ಮೀ. ಅಗಲದ ಇನ್ನೊಂದು ಮ್ಯಾಟ್ ಪಟ್ಟಿ ಸೇರಿಸಿ. ಕೆಳಗಿನ ಎರಡು ಮೂಲೆಗೆ, ಒಳಬದಿಯಿಂದ, ಅಂಗೈ ಅರ್ಧದಷ್ಟು ಮ್ಯಾಟಿನ ತುಂಡನ್ನು ಹೊಲಿಗೆಯ ಮೇಲೆ ಮಡಚಿ ಕೂರಿಸಿ, ಬಟ್ಟೆ ಮುಚ್ಚಿ ಹೊಲಿಯಿರಿ. ಕಷ್ಟದ ಕೆಲಸ ಇದೊಂದೇ. ಅವ್ವ ಇದಕ್ಕೆ ಗೋಣಿ ಹೊಲಿಯುವ ದಬ್ಬಳವನ್ನೇ ತೆಗೆದಳು. ಪಕ್ಕದ ಹೊಲಿಗೆಯನ್ನು ಮೊದಲು ಕಚ್ಚಾ ಹಾಕಿ, ಲ್ಯಾಪ್‌ಟಾಪ್ ಇಟ್ಟು ನೋಡಿ, ಸರಿಯಾದ ಮೇಲೆ ಪಕ್ಕಾ ಮಾಡಿ. ಜಿಪ್ಪಿನ ಬದಲು ಬಟ್ಟೆಯ ಕುಣಿಕೆ, ಮರದ ಗುಂಡಿ. ಲೋಹದ ಗುಂಡಿ ಹಾಕಬೇಡಿ, ಗೀರುತ್ತದೆ.

ಮುಚ್ಚಳ ಮುಚ್ಚಿದರೂ ಬದಿಯಿಂದ ತುಸು ಧೂಳು ಹೋಗುತ್ತದೆ. ಅದೊಂದು ಕೊರತೆ ಇದೆ. ಬ್ಯಾಗಿನೊಳಗೆ ಇಟ್ಟುಕೊಂಡರೆ ತೊಂದರೆಯಿಲ್ಲ.

ಹಂತ 9: ತೊಳೆಯುವುದು, ಬದಲಿಸುವುದು

ಎರಡು ಮೂರು ತಿಂಗಳಿಗೊಮ್ಮೆ ತಣ್ಣೀರು, ಸ್ವಲ್ಪ ಶಾಂಪೂ ಹಾಕಿ ಕೈಯಲ್ಲಿ ತೊಳೆಯಿರಿ. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ. ನೆರಳಲ್ಲಿ ಒಣಗಿಸಿ. ನಮ್ಮ ಬಿಸಿಲಿಗೆ ಹಾಕಿದರೆ ಒಂದು ಗಂಟೆಯಲ್ಲಿ ಒಣಗುತ್ತದೆ ನಿಜ, ಆದರೆ ಫೋಮ್ ಮತ್ತು ರಬ್ಬರ್ ಗಡುಸಾಗುತ್ತವೆ. ಮುಟ್ಟಿದರೆ ಒಣಗಿದೆ ಅನ್ನಿಸಿದ ಮೇಲೂ ಇನ್ನೊಂದು ದಿನ ಬಿಡಿ, ಒಳಗಿನ ಫೋಮಿನಲ್ಲಿ ತೇವ ಉಳಿದಿರುತ್ತದೆ.

ಆರು ತಿಂಗಳಿಗೊಮ್ಮೆ ಆ ಗೆಣ್ಣಿನ ಪರೀಕ್ಷೆ ಮತ್ತೆ ಮಾಡಿ. ದಿನಾ ನೆಲಕ್ಕಿಟ್ಟು ಇಟ್ಟು ಕೆಳಗಿನ ಮೂಲೆಯ ಫೋಮ್ ಮೊದಲು ಸಾಯುತ್ತದೆ, ಉಳಿದ ಮೈ ಹೊಸದರಂತೆ ಇದ್ದರೂ. ಹಾಗಾದಾಗ ಸ್ಲೀವ್ ಎಸೆಯಬೇಡಿ. ಹಳೆಯದರ ಮೈಯ ಫೋಮ್ ಕತ್ತರಿಸಿ ತೆಗೆದರೆ ಬ್ಯಾಗಿನ ತಳಕ್ಕೆ ಹಾಕಲು ಒಳ್ಳೆಯ ಪಟ್ಟಿಯಾಗುತ್ತದೆ.